ಪರದೆ ಕಪ್ಪಾದಾಗ ಕೈ ಹಿಡಿದದ್ದು: ಲಿನಕ್ಸ್‌ನ ಟೆಕ್ಸ್ಟ್ ಬೂಟ್ ಬಗ್ಗೆ ಬಳಸಿದವಳ ಮಾತು

ಪರದೆಯ ಎಡಮೂಲೆಯಲ್ಲಿ ಒಂದು ಸಣ್ಣ ಗೀಟು ಮಿಣುಕುತ್ತಿತ್ತು. ಅಷ್ಟೇ. ಉಳಿದದ್ದೆಲ್ಲ ಕಪ್ಪು. ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು, ಕೀಬೋರ್ಡಿನ ದೀಪ ಉರಿಯುತ್ತಿತ್ತು, ಮೌಸಿನ ಕೆಳಗೆ ಕೆಂಪು ಬೆಳಕೂ ಇತ್ತು. ಲಾಗಿನ್ ಪರದೆ ಮಾತ್ರ ಬರಲೇ ಇಲ್ಲ. ಐದು ನಿಮಿಷ ಕಾದೆ. ಆಮೇಲೂ ಅದೇ ಗೀಟು.

ನಾನು ಪುಸ್ತಕಗಳ ಪುಟವಿನ್ಯಾಸ ಮಾಡುವವಳು. ಹನ್ನೊಂದು ವರ್ಷದಿಂದ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೇ ಕೆಲಸ. ಅವತ್ತು ಸಂಜೆಯೊಳಗೆ 240 ಪುಟದ ಒಂದು ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಹಿಂದಿನ ರಾತ್ರಿ ಕಂಪ್ಯೂಟರ್ ಅಪ್‌ಡೇಟ್ ಕೇಳಿತ್ತು. ಏನೇನು ಬರುತ್ತಿದೆ ಅಂತ ಓದದೆ ಸರಿ ಅಂದೆ, ಆಫ್ ಮಾಡಿ ಮಲಗಿದೆ. ಅದರಲ್ಲಿ ಹೊಸ ಕರ್ನೆಲ್, ಅಂದರೆ ಲಿನಕ್ಸ್‌ನ ತಿರುಳು, ಕೂಡ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಈ ಗೀಟು.

ಅವತ್ತು ನನ್ನನ್ನು ದಡ ಮುಟ್ಟಿಸಿದ್ದು ಬಹುತೇಕ ಎಲ್ಲ ಲಿನಕ್ಸ್ ಡಿಸ್ಟ್ರೊಗಳ (ಉಬುಂಟು, ಡೆಬಿಯನ್, ಫೆಡೋರಾ ತರಹದ ಲಿನಕ್ಸ್ ರೂಪಗಳ) ಒಳಗೂ ಸುಮ್ನೆ ಕೂತಿರುವ ಒಂದು ಸೌಲಭ್ಯ. ಚಿತ್ರ, ಕಿಟಕಿ, ಮೌಸ್ ಯಾವುದೂ ಇಲ್ಲದೆ ನೇರವಾಗಿ ಕಮಾಂಡ್ ಲೈನಿಗೆ, ಅಂದರೆ ಟೈಪ್ ಮಾಡಿ ಅಪ್ಪಣೆ ಕೊಡುವ ಪರದೆಗೆ, ಬೂಟ್ ಆಗುವುದು. ಇದನ್ನೇ ಟೆಕ್ಸ್ಟ್ ಬೂಟ್ ಅನ್ನುತ್ತಿದ್ದೇನೆ. ಡಿಸ್ಟ್ರೊ ಬಗ್ಗೆ ಬರೆಯುವವರು ವಾಲ್‌ಪೇಪರ್ ಬಗ್ಗೆ ಬರೆಯುತ್ತಾರೆ, ಐಕಾನ್ ಬಗ್ಗೆ ಬರೆಯುತ್ತಾರೆ, ಇದರ ಬಗ್ಗೆ ಯಾರೂ ಬರೆಯುವುದಿಲ್ಲ. ಎಲ್ಲ ಸರಿ ಇರುವಾಗ ಇದು ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಮೂರು ಕಂಪ್ಯೂಟರುಗಳಲ್ಲಿ ಡಿಸ್‌ಪ್ಲೇ ಕೆಟ್ಟಾಗ ಇದನ್ನು ಬಳಸಿದ್ದೇನೆ. ಹಾಗಾಗಿ ಇದಕ್ಕೂ ಒಂದು ವಿಮರ್ಶೆ ಬೇಕು ಅನ್ನಿಸಿತು.

ಒಂದು ಸೂಚನೆ ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹಾಕಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.

ಕಪ್ಪು ಪರದೆ ಕಂಡ ತಕ್ಷಣ ಬಹಳ ಜನ ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ಎರಡು ಮೂರು ಸಲ ಹಾಗೆ ಮಾಡಿ, ಕೊನೆಗೆ ಪೆನ್‌ಡ್ರೈವ್ ಹುಡುಕಿ ಎಲ್ಲ ಅಳಿಸಿ ಹೊಸದಾಗಿ ಹಾಕುತ್ತಾರೆ. ಇದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಯಾಕೆಂದರೆ ಲಿನಕ್ಸ್‌ನಲ್ಲಿ ಡೆಸ್ಕ್‌ಟಾಪ್ ಅನ್ನುವುದು ಎಲ್ಲಕ್ಕಿಂತ ಮೇಲಿನ ಪದರ. ಕೆಳಗೆ ಕರ್ನೆಲ್, ಅದರ ಜೊತೆ ಯಂತ್ರದ ಭಾಗಗಳನ್ನು ನಡೆಸುವ ಡ್ರೈವರುಗಳು, ಆಮೇಲೆ ಸಿಸ್ಟಮ್‌ಡಿ ಅನ್ನುವ ಪ್ರೋಗ್ರಾಂ ಎಬ್ಬಿಸುವ ಸೇವೆಗಳು, ಅದರ ಮೇಲೆ ಲಾಗಿನ್ ಪರದೆ ತೋರಿಸುವ ಜಿಡಿಎಂ, ಲೈಟ್‌ಡಿಎಂ, ಎಸ್‌ಡಿಡಿಎಂ ತರಹದ ಒಂದು ಪ್ರೋಗ್ರಾಂ. ಮೇಲಿನದು ಬಿದ್ದರೂ ಕೆಳಗಿನ ಬಹುಪಾಲು ಸರಿಯಾಗೇ ಇರುತ್ತದೆ. ಮುಂಬಾಗಿಲು ಸಿಕ್ಕಿಹಾಕಿಕೊಂಡಿದೆ, ಮನೆ ಗಟ್ಟಿಯಾಗಿದೆ. ಹಿಂಬಾಗಿಲಿಂದ ಒಳಗೆ ಹೋಗಬೇಕು, ಅಷ್ಟೇ.

ಅತಿ ಹತ್ತಿರದ ಹಿಂಬಾಗಿಲು ಅಂದರೆ ಕಂಟ್ರೋಲ್, ಆಲ್ಟ್ ಜೊತೆ ಎಫ್3. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್‌ಎನ್ ಕೀ ಕೂಡ ಸೇರಿಸಬೇಕು. ಬೇರೆ ಟರ್ಮಿನಲ್ ತೆರೆದುಕೊಳ್ಳುತ್ತದೆ, ಅಲ್ಲಿ ಲಾಗಿನ್ ಆಗಬಹುದು. ಎಷ್ಟೋ ಸಲ ಇಷ್ಟೇ ಸಾಕು. ನನಗೆ ಅವತ್ತು ಸಾಕಾಗಲಿಲ್ಲ. ಲಾಗಿನ್ ಅನ್ನುವ ಪದ ಕಂಡಿತು, ನಾನು ಹೆಸರಿನ ಎರಡು ಅಕ್ಷರ ಒತ್ತುವಷ್ಟರಲ್ಲಿ ಪರದೆ ಮತ್ತೆ ಕಪ್ಪಾಯಿತು. ಲಾಗಿನ್ ಪರದೆಯ ಪ್ರೋಗ್ರಾಂ ಬೀಳುತ್ತಿತ್ತು, ಏಳುತ್ತಿತ್ತು. ಎದ್ದಾಗೆಲ್ಲ ಪರದೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಿತ್ತು. ಅದನ್ನು ಶುರುವಾಗುವುದಕ್ಕೇ ಬಿಡಬಾರದು ಅಂದರೆ ಬೂಟ್ ಆಗುವಾಗಲೇ ಹೇಳಬೇಕು.

ಅದಕ್ಕೆ ಗ್ರಬ್ ಮೆನು ಬೇಕು, ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಯಾವುದನ್ನು ಬೂಟ್ ಮಾಡಲಿ ಅಂತ ಕೇಳುವ ಪಟ್ಟಿ. ಈ ಸೌಲಭ್ಯದ ಮೇಲೆ ನನ್ನ ಮೊದಲ ದೂರು ಇಲ್ಲೇ ಶುರುವಾಗುತ್ತದೆ. ಒಂದೇ ಆಪರೇಟಿಂಗ್ ಸಿಸ್ಟಂ ಇರುವ ಕಂಪ್ಯೂಟರಿನಲ್ಲಿ ಎಷ್ಟೋ ಡಿಸ್ಟ್ರೊಗಳು ಈ ಮೆನುವನ್ನು ಬಚ್ಚಿಟ್ಟಿರುತ್ತವೆ. ಕಂಪ್ಯೂಟರನ್ನು ಮೊದಲು ಎಬ್ಬಿಸುವ ಪ್ರೋಗ್ರಾಂ ಹಳೆಯ ಬಯಾಸ್ ಆಗಿದ್ದರೆ ಶಿಫ್ಟ್ ಒತ್ತಿ ಹಿಡಿಯಬೇಕು. ಹೊಸ ಯುಇಎಫ್‌ಐ ಆಗಿದ್ದರೆ ಕಂಪನಿಯ ಲೋಗೊ ಹೋದ ಕೂಡಲೇ ಎಸ್ಕೇಪ್ ಒಂದು ಸಲ ಒತ್ತಬೇಕು. ಗಾಬರಿಯಲ್ಲಿ ನಾನು ಐದಾರು ಸಲ ಒತ್ತಿದೆ. ಮೆನು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ, ಬರೀ ಗ್ರಬ್ ಅನ್ನುವ ಪ್ರಾಂಪ್ಟ್ ಎದುರಿಗೆ ನಿಂತಿತು. ಅಲ್ಲೇ ರಿಬೂಟ್ ಅಂತ ಟೈಪ್ ಮಾಡಿ, ಎರಡನೇ ಸಲ ಸಮಾಧಾನವಾಗಿ ಒಂದೇ ಸಲ ಒತ್ತಿದೆ. ಬಂತು. ಕಷ್ಟದಲ್ಲಿರುವವರಿಗೆ ಬೇಕಾದ ಬಾಗಿಲನ್ನು ಹೀಗೆ ಮರೆಮಾಡುವುದು ಸರಿ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ನನ್ನ ಕಂಪ್ಯೂಟರಿನಲ್ಲಿ ಈಗ ಮೆನು ಐದು ಸೆಕೆಂಡು ನಿಲ್ಲುವ ಹಾಗೆ ಮಾಡಿಕೊಂಡಿದ್ದೇನೆ.

ಮೆನುವಿನ ಮೊದಲ ಸಾಲಿನ ಮೇಲೆ ನಿಂತು ಇ ಕೀ ಒತ್ತಿದರೆ ಒಂದು ಸಣ್ಣ ಎಡಿಟರ್ ತೆರೆಯುತ್ತದೆ. ಮೊದಲ ಸಲ ನೋಡಿದವರಿಗೆ ಭಯ ಆಗುತ್ತದೆ, ಆಗುವುದು ಸಹಜ. ಸೆಟ್‌ಪ್ಯಾರಾಮ್ಸ್, ಇನ್ಸ್‌ಮಾಡ್, ಉದ್ದುದ್ದ ಸಂಖ್ಯೆಗಳು. ಅದನ್ನೆಲ್ಲ ಬಿಟ್ಟು ಕೆಳಗೆ ಹೋಗುತ್ತಾ ಲಿನಕ್ಸ್ ಅನ್ನುವ ಪದದಿಂದ ಶುರುವಾಗುವ ಸಾಲು ಹುಡುಕಿ. ಅದು ಒಂದೇ ಸಾಲಾದರೂ ಪರದೆಯಲ್ಲಿ ಎರಡು ಮೂರು ಸಾಲಾಗಿ ಮಡಚಿಕೊಂಡಿರುತ್ತದೆ. ಎಂಡ್ ಕೀ ಒತ್ತಿದರೆ ಸಾಲಿನ ಕೊನೆ. ಅಲ್ಲಿ ಸಾಮಾನ್ಯವಾಗಿ ಕ್ವಯಟ್, ಸ್ಪ್ಲ್ಯಾಶ್ ಅನ್ನುವ ಎರಡು ಪದ ಇರುತ್ತವೆ. ಅವೆರಡನ್ನೂ ಅಳಿಸಿ. ಬೂಟ್ ಆಗುವಾಗ ಲೋಗೊ ಬದಲು ನಿಜವಾಗಿ ಏನಾಗುತ್ತಿದೆ ಅಂತ ಕಾಣಬೇಕು. ಆಮೇಲೆ ಒಂದು ಸ್ಪೇಸ್ ಬಿಟ್ಟು ಇದನ್ನು ಸೇರಿಸಿ: ಸಿಸ್ಟಮ್‌ಡಿ ಚುಕ್ಕಿ ಯೂನಿಟ್, ಸಮ ಚಿಹ್ನೆ, ಮಲ್ಟಿ ಅಡ್ಡಗೆರೆ ಯೂಸರ್ ಚುಕ್ಕಿ ಟಾರ್ಗೆಟ್. ಮಧ್ಯೆ ಎಲ್ಲೂ ಜಾಗ ಬಿಡಬಾರದು. ಚಿತ್ರದ ಪರದೆ ಬೇಡ, ಅಕ್ಷರದ ಲಾಗಿನ್ ಸಾಕು ಅಂತ ಇದರ ಅರ್ಥ. ಕಂಟ್ರೋಲ್ ಎಕ್ಸ್ ಅಥವಾ ಎಫ್10 ಒತ್ತಿದರೆ ಬೂಟ್.

ಹಳಬರು ಇಷ್ಟುದ್ದ ಬರೆಯದೆ ಬರೀ 3 ಅಂತ ಸೇರಿಸುತ್ತಿದ್ದರು. ಯುನಿಕ್ಸ್ ಕಾಲದ ರನ್‌ಲೆವೆಲ್ ಲೆಕ್ಕದಲ್ಲಿ ಎಷ್ಟೋ ಡಿಸ್ಟ್ರೊಗಳಿಗೆ 3 ಅಂದರೆ ನೆಟ್‌ವರ್ಕ್ ಇರುವ, ಚಿತ್ರ ಇಲ್ಲದ ಸ್ಥಿತಿ. 5 ಅಂದರೆ ಡೆಸ್ಕ್‌ಟಾಪ್ ಸಮೇತ. ಸಿಸ್ಟಮ್‌ಡಿ 2010ರಲ್ಲಿ ಬಂತು, 2011ರಲ್ಲಿ ಫೆಡೋರಾ 15 ಅದನ್ನು ಹಿಡಿಯಿತು, 2015ರಲ್ಲಿ ಡೆಬಿಯನ್ 8. ಆಮೇಲೂ ಬಹಳ ವರ್ಷ ಹಳೆಯ 3 ಕೆಲಸ ಮಾಡುತ್ತಲೇ ಇತ್ತು. ಈಚಿನ ಸಿಸ್ಟಮ್‌ಡಿಯಲ್ಲಿ ರನ್‌ಲೆವೆಲ್ ಅನ್ನುವುದನ್ನೇ ಕೈಬಿಟ್ಟಿದ್ದಾರೆ. ಹಾಗಾಗಿ ಉದ್ದದ್ದನ್ನೇ ರೂಢಿ ಮಾಡಿಕೊಳ್ಳಿ. ನಾನು ಅದನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಹಿಂಬದಿಗೆ ಅಂಟಿಸಿದ್ದೇನೆ. ಪರದೆ ಕೆಟ್ಟಾಗ ಪರದೆಯೊಳಗಿನ ಟಿಪ್ಪಣಿ ಓದುವುದಕ್ಕೆ ಆಗುವುದಿಲ್ಲವಲ್ಲ.

ಗ್ರಬ್‌ನಲ್ಲಿ ಮಾಡಿದ ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ. ಡಿಸ್ಕಿನ ಮೇಲೆ ಏನೂ ಬರೆಯುವುದಿಲ್ಲ. ತಪ್ಪು ಟೈಪ್ ಮಾಡಿದರೂ ರಿಸ್ಟಾರ್ಟ್ ಮಾಡಿದರೆ ಎಲ್ಲ ಮೊದಲಿನಂತೆ. ಕೈ ನಡುಗುತ್ತಿರುವ ಹೊತ್ತಿನಲ್ಲಿ ಇದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಈ ಒಂದು ಗುಣಕ್ಕೇ ನಾನು ಇದಕ್ಕೆ ಜಾಸ್ತಿ ಅಂಕ ಕೊಡುತ್ತೇನೆ.

ಬೂಟ್ ಶುರುವಾಯಿತು. ಸಾಲು ಸಾಲಾಗಿ ಓಡಿದವು, ಪ್ರತಿ ಸಾಲಿನ ಮುಂದೆ ಹಸಿರು ಬಣ್ಣದಲ್ಲಿ ಓಕೆ. ಮಧ್ಯೆ ಒಂದು ಕಡೆ ಕೆಂಪಿನಲ್ಲಿ ಫೇಲ್ಡ್ ಅಂತ ಬಂದು ಮೇಲೆ ಹೋಯಿತು, ಓದುವುದಕ್ಕೆ ಆಗಲಿಲ್ಲ. ಆಮೇಲೆ ಕಂಪ್ಯೂಟರಿನ ಹೆಸರು, ಪಕ್ಕದಲ್ಲಿ ಲಾಗಿನ್. ಈ ಸಲ ಅದು ಅಲ್ಲೇ ನಿಂತಿತು. ಹೆಸರು ಕೊಟ್ಟೆ. ಪಾಸ್‌ವರ್ಡ್ ಒತ್ತುವಾಗ ಚುಕ್ಕಿಯೂ ಕಾಣುವುದಿಲ್ಲ, ನಕ್ಷತ್ರವೂ ಕಾಣುವುದಿಲ್ಲ. ಹೊಸಬರು ಇಲ್ಲಿ ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ನಂಬಿ ಒತ್ತಿ ಎಂಟರ್ ಹೊಡೆಯಿರಿ.

ಒಳಗೆ ಹೋದ ಮೇಲೆ ನಾನು ಮೊದಲು ಮಾಡಿದ್ದು ರಿಪೇರಿ ಅಲ್ಲ. ಪುಸ್ತಕವನ್ನು ಹೊರಗೆ ತೆಗೆದೆ. ಪೆನ್‌ಡ್ರೈವ್ ಚುಚ್ಚಿ ಎಲ್‌ಎಸ್‌ಬಿಎಲ್‌ಕೆ ಅಂತ ಕೊಟ್ಟರೆ ಡಿಸ್ಕುಗಳ ಪಟ್ಟಿ ಬರುತ್ತದೆ. ಗಾತ್ರ ನೋಡಿ ಯಾವುದು ಪೆನ್‌ಡ್ರೈವ್ ಅಂತ ಗುರುತು ಹಿಡಿದೆ. ಅದನ್ನು ಎಂಎನ್‌ಟಿ ಫೋಲ್ಡರಿಗೆ ಮೌಂಟ್ ಮಾಡಿದೆ, ಅಂದರೆ ಆ ಫೋಲ್ಡರಿನ ಮೂಲಕ ತೆರೆಯುವ ಹಾಗೆ ಜೋಡಿಸಿದೆ. ಆಮೇಲೆ ಪುಸ್ತಕದ ಫೋಲ್ಡರ್ ಎಲ್ಲಿದೆ ಅಂತ, ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಕೊಟ್ಟೆ. ಹೆಸರುಗಳ ಜಾಗದಲ್ಲಿ ಬರೀ ಚೌಕಗಳು.

ನನ್ನ ಫೋಲ್ಡರುಗಳಿಗೆಲ್ಲ ಕನ್ನಡದಲ್ಲೇ ಹೆಸರು. ಲಿನಕ್ಸ್‌ನ ಬರಿಯ ಕನ್ಸೋಲಿಗೆ, ಅಂದರೆ ಈ ಅಕ್ಷರದ ಪರದೆಗೆ, ಕನ್ನಡ ಬರುವುದಿಲ್ಲ. ಅದರ ಫಾಂಟಿನಲ್ಲಿ ಹೆಚ್ಚೆಂದರೆ 512 ಚಿಹ್ನೆಗಳಿಗೆ ಜಾಗ. ಒತ್ತಕ್ಷರ, ಗುಣಿತ ಜೋಡಿಸುವ ಕೆಲಸವಂತೂ ಅದಕ್ಕೆ ಗೊತ್ತೇ ಇಲ್ಲ. ಫೈಲಿಗೆ ಏನೂ ಆಗಿರುವುದಿಲ್ಲ, ಹೆಸರು ಡಿಸ್ಕಿನ ಮೇಲೆ ಸರಿಯಾಗೇ ಇರುತ್ತದೆ, ತೋರಿಸುವುದಕ್ಕೆ ಮಾತ್ರ ಆಗುವುದಿಲ್ಲ. ಗೊತ್ತಿದ್ದರೂ ಆ ಚೌಕಗಳನ್ನು ನೋಡಿದಾಗ ಎದೆ ಧಸಕ್ ಅಂತು. ಆರು ತಿಂಗಳ ಕೆಲಸ ಆ ಚೌಕಗಳ ಹಿಂದೆ ಇತ್ತು. ಯಾವ ಚೌಕದ ಸಾಲು ಯಾವ ಪುಸ್ತಕ ಅಂತ ಹೇಗೆ ಹೇಳುವುದು? ಎಲ್‌ಎಸ್ ಮೈನಸ್ ಎಲ್‌ಟಿ ಕೊಟ್ಟೆ, ಈಚೆಗೆ ಮುಟ್ಟಿದ್ದು ಮೊದಲು ಬರುತ್ತದೆ. ನಿನ್ನೆಯ ತಾರೀಕಿನದು ಒಂದೇ ಇತ್ತು. ಆದರೂ ಸಂದೇಹ ಬೇಡ ಅಂತ ಇಡೀ ಡಾಕ್ಯುಮೆಂಟ್ಸ್ ಫೋಲ್ಡರನ್ನೇ ಸಿಪಿ ಮೈನಸ್ ಆರ್ ಹಾಕಿ ಕಾಪಿ ಮಾಡಿದೆ. ಯುಮೌಂಟ್ ಮಾಡಿ, ಪೆನ್‌ಡ್ರೈವ್ ಕಿತ್ತು ಮೇಜಿನ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ನನ್ನ ಕೈ ನಡುಗಲಿಲ್ಲ.

ಕಂಪ್ಯೂಟರಿನ ಭಾಷೆಯನ್ನೇ ಕನ್ನಡ ಅಂತ ಇಟ್ಟುಕೊಂಡವರಿಗೆ ಇಲ್ಲಿ ಇನ್ನೂ ಒಂದು ತೊಡಕಿದೆ. ದೋಷದ ಸಂದೇಶಗಳೂ ಚೌಕಗಳಾಗಿ ಬರುತ್ತವೆ. ಆಗ ಎಕ್ಸ್‌ಪೋರ್ಟ್ ಲ್ಯಾಂಗ್, ಸಮ ಚಿಹ್ನೆ, ಸಿ ಅಂತ ಒಮ್ಮೆ ಕೊಡಿ. ಲ್ಯಾಂಗ್ ಮತ್ತು ಸಿ ಎರಡೂ ದೊಡ್ಡಕ್ಷರದಲ್ಲಿ ಇರಬೇಕು. ಸಂದೇಶಗಳು ಇಂಗ್ಲಿಷಿಗೆ ತಿರುಗುತ್ತವೆ. ನಾನು ಕನ್ನಡದಲ್ಲೇ ಬದುಕುವವಳು, ಕಂಪ್ಯೂಟರ್ ಕೆಟ್ಟ ಹೊತ್ತಿನಲ್ಲೇ ಕನ್ನಡ ಬಿಡಬೇಕಾಗುವುದು ನನಗೆ ನೋವಿನ ವಿಷಯ. ಇದೊಂದು ಸರಿಹೋದರೆ ಈ ಸೌಲಭ್ಯಕ್ಕೆ ಪೂರ್ತಿ ಅಂಕ ಕೊಡುತ್ತಿದ್ದೆ. ಸದ್ಯಕ್ಕೆ 5ಕ್ಕೆ 4.

ಇನ್ನು ರೋಗ ಏನು ಅಂತ ಹುಡುಕುವ ಕೆಲಸ. ಎಲ್‌ಎಸ್‌ಪಿಸಿಐ ಮೈನಸ್ ಕೆ ಕೊಟ್ಟೆ. ಪ್ರತಿ ಸಾಧನದ ಕೆಳಗೂ ಯಾವ ಡ್ರೈವರ್ ಅದನ್ನು ನಡೆಸುತ್ತಿದೆ ಅಂತ ಒಂದು ಸಾಲು ಇರುತ್ತದೆ. ಸೌಂಡಿನ ಕೆಳಗೆ ಇತ್ತು, ನೆಟ್‌ವರ್ಕ್ ಕಾರ್ಡಿನ ಕೆಳಗೆ ಇತ್ತು. ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಆ ಸಾಲೇ ಇರಲಿಲ್ಲ. ನನ್ನದು ಕಾರ್ಡ್ ತಯಾರಿಸಿದ ಕಂಪನಿಯೇ ಕೊಡುವ ಡ್ರೈವರ್, ಕರ್ನೆಲ್ ಜೊತೆಗೆ ಬರುವುದಲ್ಲ. ಅಂಥ ಡ್ರೈವರುಗಳನ್ನು ಪ್ರತಿ ಹೊಸ ಕರ್ನೆಲಿಗೂ ಮತ್ತೆ ಕಟ್ಟಬೇಕು. ಆ ಕೆಲಸವನ್ನು ಡಿಕೆಎಂಎಸ್ ಅನ್ನುವುದು ತಾನೇ ಮಾಡುತ್ತದೆ. ಡಿಕೆಎಂಎಸ್ ಸ್ಟೇಟಸ್ ಅಂತ ಕೇಳಿದೆ. ಹಳೆಯ ಕರ್ನೆಲಿನ ಹೆಸರಿನ ಮುಂದೆ ಇನ್‌ಸ್ಟಾಲ್ಡ್ ಅಂತ ಇತ್ತು. ಯುನೇಮ್ ಮೈನಸ್ ಆರ್ ಕೊಟ್ಟು ಈಗ ಓಡುತ್ತಿರುವ ಕರ್ನೆಲ್ ಯಾವುದು ಅಂತ ನೋಡಿದೆ. ಅದರ ಹೆಸರು ಡಿಕೆಎಂಎಸ್ ಪಟ್ಟಿಯಲ್ಲೇ ಇಲ್ಲ!

ಕಾರಣ ಇಷ್ಟೇ. ಡ್ರೈವರ್ ಕಟ್ಟುವುದಕ್ಕೆ ಆ ಕರ್ನೆಲಿನ ಹೆಡರ್ ಫೈಲುಗಳು ಬೇಕು. ನಾನು ಹಿಂದೆ ಯಾವಾಗಲೋ ಒಂದು ನಿರ್ದಿಷ್ಟ ಆವೃತ್ತಿಯ ಹೆಡರುಗಳನ್ನು ಮಾತ್ರ ಹಾಕಿದ್ದೆ. ಹೊಸ ಕರ್ನೆಲ್ ಬಂದಾಗ ಅದರ ಹೆಡರ್ ಬರಲಿಲ್ಲ. ಹೆಡರ್ ಇಲ್ಲದೆ ಡಿಕೆಎಂಎಸ್ ಕೈಕಟ್ಟಿ ಕೂತಿತು. ಡ್ರೈವರ್ ಇಲ್ಲದೆ ಲಾಗಿನ್ ಪರದೆ ಬಿದ್ದಿತು. ಮಿಣುಕುವ ಗೀಟಿನ ಹಿಂದಿನ ಕತೆ ಇದು.

ಟೆಕ್ಸ್ಟ್ ಬೂಟಿನ ದೊಡ್ಡ ಲಾಭ ಇಲ್ಲಿ ಗೊತ್ತಾಗುತ್ತದೆ: ನೆಟ್‌ವರ್ಕ್ ಇರುತ್ತದೆ. ನನ್ನದು ತಂತಿ ಸಂಪರ್ಕ, ತಾನೇ ಸಿಕ್ಕಿತ್ತು. ವೈಫೈ ಇರುವವರು ಎನ್‌ಎಂಟಿಯುಐ ಕೊಟ್ಟರೆ ಅಕ್ಷರಗಳಲ್ಲೇ ಬರೆದ ಒಂದು ಮೆನು ಬರುತ್ತದೆ, ಬಾಣದ ಕೀಲಿಗಳಿಂದ ಆರಿಸಬಹುದು. ಪಾಸ್‌ವರ್ಡ್ ಮತ್ತೆ ಕೇಳಬಹುದು, ನೆನಪಿರಲಿ. ನಾನು ಸುಡೊ ಆಪ್ಟ್ ಇನ್‌ಸ್ಟಾಲ್ ಹಾಕಿ ಹೆಡರುಗಳನ್ನು ತರಿಸಿದೆ. ಸುಡೊ ಅಂದರೆ ಪೂರ್ತಿ ಅಧಿಕಾರ ಇರುವ ರೂಟ್ ಖಾತೆಯ ಹೆಸರಲ್ಲಿ ಮಾಡು ಅನ್ನುವುದು. ಈ ಸಲ ಆವೃತ್ತಿಯ ಸಂಖ್ಯೆ ಇರುವುದಲ್ಲ, ಪ್ರತಿ ಕರ್ನೆಲ್ ಜೊತೆಗೂ ತಾನೇ ಬರುವ ಮೆಟಾ ಪ್ಯಾಕೇಜ್. ಉಬುಂಟುವಿನಲ್ಲಿ ಅದು ಲಿನಕ್ಸ್ ಹೆಡರ್ಸ್ ಜೆನೆರಿಕ್, ಡೆಬಿಯನ್‌ನಲ್ಲಿ ಲಿನಕ್ಸ್ ಹೆಡರ್ಸ್ ಎಎಂಡಿ64, ಪದಗಳ ಮಧ್ಯೆ ಅಡ್ಡಗೆರೆ. ಹೆಡರ್ ಬಂದ ಕೂಡಲೇ ಡಿಕೆಎಂಎಸ್ ಎಚ್ಚರವಾಯಿತು. ಬಿಲ್ಡಿಂಗ್ ಮಾಡ್ಯೂಲ್ ಅಂತ ಒಂದು ಸಾಲು, ಮುಂದೆ ಒಂದೊಂದೇ ಚುಕ್ಕಿ. ಆ ಚುಕ್ಕಿಗಳನ್ನು ನಾನು ಎಣಿಸುತ್ತಾ ಕೂತಿದ್ದೆ. ಮುಗಿದ ಮೇಲೆ ಸ್ಟೇಟಸ್ ಕೇಳಿದರೆ ಹೊಸ ಕರ್ನೆಲಿನ ಮುಂದೂ ಇನ್‌ಸ್ಟಾಲ್ಡ್.

ರಿಸ್ಟಾರ್ಟ್ ಕೂಡ ಬೇಕಾಗಲಿಲ್ಲ. ಸುಡೊ ಮಾಡ್‌ಪ್ರೋಬ್ ಹಾಕಿ ಡ್ರೈವರ್ ಎಬ್ಬಿಸಿದೆ. ಆಮೇಲೆ ಸುಡೊ ಸಿಸ್ಟಮ್‌ಸಿಟಿಎಲ್ ಐಸೊಲೇಟ್ ಗ್ರಾಫಿಕಲ್ ಚುಕ್ಕಿ ಟಾರ್ಗೆಟ್. ಪರದೆ ಒಮ್ಮೆ ಮಿಂಚಿತು, ನನ್ನ ಹೆಸರು ಬರೆದ ಲಾಗಿನ್ ಪರದೆ ಬಂತು. ಗೀಟು ಕಂಡಾಗಿನಿಂದ ಅಲ್ಲಿಯವರೆಗೆ ಐವತ್ತು ನಿಮಿಷ. ಅದರಲ್ಲಿ ಅರ್ಧ ಹೊತ್ತು ಪುಸ್ತಕ ಕಾಪಿ ಮಾಡಿದ್ದಕ್ಕೆ ಹೋಯಿತು.

ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹೋಗಿ ಹಳೆಯ ಕರ್ನೆಲ್ ಆರಿಸಿದ್ದರೆ ಅವತ್ತು ಎರಡೇ ನಿಮಿಷದಲ್ಲಿ ಡೆಸ್ಕ್‌ಟಾಪ್ ಬರುತ್ತಿತ್ತು. ಗಾಬರಿಯಲ್ಲಿ ಅದು ನೆನಪಿಗೆ ಬರಲಿಲ್ಲ. ನಿಮಗೆ ಅವಸರ ಇದ್ದರೆ, ಅಪ್‌ಡೇಟ್ ಆದ ಮೇಲೇ ಕೆಟ್ಟಿದ್ದರೆ, ಮೊದಲು ಅದನ್ನೇ ಮಾಡಿ. ಆದರೆ ರೋಗ ಅಲ್ಲೇ ಇರುತ್ತದೆ. ಯಾವತ್ತಾದರೂ ಟೆಕ್ಸ್ಟ್ ಬೂಟಿಗೆ ಬರಲೇಬೇಕು.

ಹೊಸ ಕಂಪ್ಯೂಟರುಗಳಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್ನೊಂದು ಮೆಟ್ಟಿಲು ಇದೆ. ಡ್ರೈವರ್ ಸರಿಯಾಗಿ ಕಟ್ಟಿಕೊಂಡಿರುತ್ತದೆ, ಆದರೆ ಸಹಿ ಇಲ್ಲ ಅಂತ ಕರ್ನೆಲ್ ಒಳಗೆ ಬಿಡುವುದಿಲ್ಲ. ಮಾಡ್‌ಪ್ರೋಬ್ ಮಾಡಿದಾಗ ಕೀ ವಾಸ್ ರಿಜೆಕ್ಟೆಡ್ ಅಂತ ಬಂದರೆ ಕಾರಣ ಇದೇ. ಮೋಕ್‌ಯುಟಿಲ್ ಬಳಸಿ ಸಹಿಯ ಕೀ ನೋಂದಾಯಿಸಬೇಕು. ಮುಂದಿನ ಬೂಟಿನಲ್ಲಿ ಒಂದು ನೀಲಿ ಪರದೆ ಬಂದು ನೀವು ಕೊಟ್ಟ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಬೇಡದ್ದು ಅಂತ ದಾಟಿಸಬೇಡಿ.

ಎರಡನೇ ಸಲ ಇದು ಬೇಕಾದದ್ದು ನನ್ನ ತಂಗಿಯ ಕಂಪ್ಯೂಟರಿಗೆ. ಅಲ್ಲಿನ ಲಕ್ಷಣವೇ ಬೇರೆ. ಲಾಗಿನ್ ಪರದೆ ಚೆನ್ನಾಗಿ ಬರುತ್ತಿತ್ತು, ಪಾಸ್‌ವರ್ಡ್ ಕೊಟ್ಟ ಮೇಲೆ ಮಾನಿಟರ್ ಸಿಗ್ನಲ್ ಇಲ್ಲ ಅನ್ನುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸುವುದು ಬಹಳ ಮುಖ್ಯ. ಲಾಗಿನ್ ಪರದೆ ಕಾಣುತ್ತಿದೆ ಅಂದರೆ ಡ್ರೈವರ್ ಬಹುಶಃ ಸರಿ ಇದೆ, ಆ ಬಳಕೆದಾರರ ಸೆಟ್ಟಿಂಗ್ ಕೆಟ್ಟಿದೆ. ಅವಳು ಹಿಂದಿನ ದಿನ ಕೇಬಲ್ ಬದಲಿಸಿ ಒಂದು ಹಳೆಯ ಕೇಬಲ್ ಹಾಕಿದ್ದಳು. ಹೊಸ ಕೇಬಲಿನಲ್ಲಿ ಓಡುತ್ತಿದ್ದ ರೆಸಲ್ಯೂಷನ್ ಹಳೆಯದರಲ್ಲಿ ಓಡಲಿಲ್ಲ. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ ಈ ಆಯ್ಕೆಯನ್ನು ಹೋಮ್ ಫೋಲ್ಡರಿನ ಚುಕ್ಕಿ ಕಾನ್ಫಿಗ್ ಒಳಗೆ ಮಾನಿಟರ್ಸ್ ಚುಕ್ಕಿ ಎಕ್ಸ್‌ಎಂಎಲ್ ಅನ್ನುವ ಫೈಲಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಎಂವಿ ಹಾಕಿ ಅದರ ಹೆಸರು ಬದಲಿಸಿದೆ, ಅಳಿಸಲಿಲ್ಲ. ಮತ್ತೆ ಲಾಗಿನ್ ಆದಾಗ ಮಾನಿಟರ್ ತನಗೆ ಸರಿಹೊಂದುವ ಅಳತೆಯಲ್ಲಿ ಎದ್ದು ಬಂತು. ಅವಳು ಅಷ್ಟರಲ್ಲಿ ಹೊಸ ಮಾನಿಟರ್ ಕೊಳ್ಳುವ ಮಾತಾಡುತ್ತಿದ್ದಳು.

ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮತ್ತೆ ಮತ್ತೆ ಲಾಗಿನ್ ಪರದೆಗೇ ವಾಪಸ್ ಬಂದರೆ ಡಿಎಫ್ ಮೈನಸ್ ಎಚ್ ನೋಡಿ. ಡಿಸ್ಕ್ ನೂರಕ್ಕೆ ನೂರು ತುಂಬಿದ್ದರೆ ಹೀಗೇ ಆಗುತ್ತದೆ. ಪರದೆಗೆ ಚಿತ್ರ ಬಿಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್ ಬಳಸುವವರು ಹೋಮ್ ಫೋಲ್ಡರಿನ ಚುಕ್ಕಿ ಎಕ್ಸ್‌ಅಥಾರಿಟಿ ಫೈಲ್ (ಎಕ್ಸ್ ದೊಡ್ಡಕ್ಷರ) ರೂಟ್ ಹೆಸರಿಗೆ ಹೋಗಿದೆಯಾ ಅಂತಲೂ ನೋಡಬೇಕು. ಸುಡೊ ಹಾಕಿ ಯಾವುದೋ ಚಿತ್ರದ ಪ್ರೋಗ್ರಾಂ ಓಡಿಸಿದಾಗ ಹಾಗಾಗುವುದುಂಟು. ಚೌನ್ ಹಾಕಿ ನಿಮ್ಮ ಹೆಸರಿಗೆ ಬರೆಸಿಕೊಂಡರೆ ಮುಗಿಯಿತು.

ಈಗ ನೋಮೋಡ್‌ಸೆಟ್ ಬಗ್ಗೆ ಎರಡು ಮಾತು. ಪರದೆ ಕಪ್ಪು ಅಂದ ತಕ್ಷಣ ಎಲ್ಲರೂ ಹೇಳುವ ಮದ್ದು ಇದು. ಪರದೆಯ ಅಳತೆ, ಬಣ್ಣ ನಿರ್ಧರಿಸುವ ಕೆಲಸ 2009ರ ಹೊತ್ತಿಗೆ ಕರ್ನೆಲ್ ಒಳಗೇ ಬಂತು. ನೋಮೋಡ್‌ಸೆಟ್ ಅಂದರೆ ಆ ಕೆಲಸ ಮಾಡಬೇಡ ಅಂತ ಕರ್ನೆಲಿಗೆ ಹೇಳುವುದು. ಟೆಕ್ಸ್ಟ್ ಬೂಟಿನಲ್ಲೂ ಪರದೆ ಕಪ್ಪಾಗಿ, ಅಕ್ಷರವೇ ಕಾಣದೆ ಹೋದಾಗ ಇದು ನಿಜಕ್ಕೂ ಬೇಕು. ಗ್ರಬ್‌ನಲ್ಲಿ ಅದೇ ಸಾಲಿನ ಕೊನೆಗೆ ಇದನ್ನೂ ಸೇರಿಸಿ. ಆದರೆ ಇದನ್ನು ಶಾಶ್ವತವಾಗಿ ಬರೆದಿಟ್ಟುಕೊಂಡು, ಡೆಸ್ಕ್‌ಟಾಪ್ ಬಂತಲ್ಲ ಸಾಕು ಅಂತ ವರ್ಷಗಟ್ಟಲೆ ನಡೆಸುವವರನ್ನು ಕಂಡಿದ್ದೇನೆ. ಅವರ ಪರದೆ ಮಸುಕಾಗಿ ಹಿಗ್ಗಿರುತ್ತದೆ, ವಿಡಿಯೊ ತಡವರಿಸುತ್ತದೆ, ಎರಡನೇ ಮಾನಿಟರ್ ಎದ್ದೇಳುವುದಿಲ್ಲ. ಕಾರ್ಡ್ ಇದ್ದೂ ಇಲ್ಲದ ಹಾಗೆ. ಇದು ಊರುಗೋಲು. ಕಾಲು ಸರಿಯಾದ ಮೇಲೆ ಬಿಡಬೇಕು.

ರಿಕವರಿ ಮೋಡ್ ಬದಲು ನಾನು ಮಲ್ಟಿ ಯೂಸರ್ ಅನ್ನೇ ಹಿಡಿಯುವುದಕ್ಕೂ ಕಾರಣ ಇದೆ. ಉಬುಂಟುವಿನ ರಿಕವರಿ ಮೆನು ನೋಡುವುದಕ್ಕೆ ಚೆನ್ನಾಗಿದೆ, ಆದರೆ ಡಿಸ್ಕ್ ಓದುವುದಕ್ಕೆ ಮಾತ್ರ ತೆರೆದಿರುತ್ತದೆ, ಬರೆಯಬೇಕಾದರೆ ರಿಮೌಂಟ್ ಮಾಡಬೇಕು. ನೆಟ್‌ವರ್ಕನ್ನೂ ಬೇರೆಯಾಗಿ ಎಬ್ಬಿಸಬೇಕು. ರೂಟ್ ಖಾತೆಗೆ ಬೀಗ ಹಾಕಿರುವ ಡಿಸ್ಟ್ರೊಗಳಲ್ಲಿ, ಇನ್ನೂ ಕಡಿಮೆ ಸೇವೆಗಳಿರುವ ರೆಸ್ಕ್ಯೂ ಟಾರ್ಗೆಟಿಗೆ ಹೋದರೆ ಕೆಲವು ಕಡೆ ಒಳಗೇ ಬಿಡುವುದಿಲ್ಲ, ರೂಟ್ ಖಾತೆ ಲಾಕ್ ಆಗಿದೆ ಅಂತ ಹೇಳಿ ನಿಂತುಬಿಡುತ್ತದೆ. ಡಿಸ್‌ಪ್ಲೇ ಒಂದೇ ಕೆಟ್ಟಿರುವಾಗ ಅಷ್ಟು ಕೆಳಗೆ ಇಳಿಯುವ ಅಗತ್ಯ ಇಲ್ಲ.

ಇನ್ನೂ ಎರಡು ಕೊರತೆ ಹೇಳಬೇಕು. ಹೊಸ ಪರದೆಗಳಲ್ಲಿ ಕನ್ಸೋಲಿನ ಅಕ್ಷರ ಇರುವೆಯಷ್ಟು ಚಿಕ್ಕದು. ತಂಗಿಯ ಮಾನಿಟರಿನಲ್ಲಿ ನಾನು ಮೂಗು ತಾಗುವಷ್ಟು ಹತ್ತಿರ ಹೋಗಿ ಓದಿದೆ. ಸುಡೊ ಡಿಪಿಕೆಜಿ ಅಡ್ಡಗೆರೆ ರೀಕಾನ್ಫಿಗರ್, ಜಾಗ ಬಿಟ್ಟು ಕನ್ಸೋಲ್ ಅಡ್ಡಗೆರೆ ಸೆಟಪ್ ಕೊಟ್ಟು ಟರ್ಮಿನಸ್ ಫಾಂಟಿನ ದೊಡ್ಡ ಅಳತೆ ಆರಿಸಿದ ಮೇಲೆ ಕಣ್ಣಿಗೆ ನೆಮ್ಮದಿ ಆಯ್ತು. ಇದನ್ನು ಕಂಪ್ಯೂಟರ್ ಸರಿ ಇರುವಾಗಲೇ ಮಾಡಿಟ್ಟುಕೊಳ್ಳಿ. ಇನ್ನೊಂದು, ಮೇಲೆ ಹೋದ ಸಾಲನ್ನು ಶಿಫ್ಟ್ ಪೇಜ್ ಅಪ್ ಒತ್ತಿ ನೋಡುವ ಅನುಕೂಲ ಮೊದಲು ಇತ್ತು. 2020ರಲ್ಲಿ ಬಂದ 5.9 ಕರ್ನೆಲಿನಿಂದ ಅದನ್ನು ತೆಗೆದರು. ಹಾಗಾಗಿ ಉದ್ದದ ಉತ್ತರ ಬರುವ ಕಮಾಂಡಿನ ಕೊನೆಗೆ ನಿಲುಗೆರೆ ಹಾಕಿ, ಪುಟ ಪುಟವಾಗಿ ತೋರಿಸುವ ಲೆಸ್ ಅಂತ ಸೇರಿಸಬೇಕು. ನನ್ನ ಕಣ್ಣು ತಪ್ಪಿಸಿ ಓಡಿದ ಆ ಕೆಂಪು ಫೇಲ್ಡ್ ಸಾಲನ್ನು ನಾನು ಆಮೇಲೆ ಹಿಡಿದದ್ದು ಜರ್ನಲ್‌ಸಿಟಿಎಲ್ ಮೈನಸ್ ಬಿ ಕೊಟ್ಟು. ಈಗಿನ ಬೂಟಿನದೆಲ್ಲ ಅದರಲ್ಲಿ ಸಿಗುತ್ತದೆ. ಮೈನಸ್ ಬಿ ಮೈನಸ್ 1 ಅಂದರೆ ಅದರ ಹಿಂದಿನ ಬೂಟ್, ಅಂದರೆ ಪರದೆ ಕಪ್ಪಾಗಿದ್ದ ಬೂಟಿನದು. ಆ ಪುಟಗಳನ್ನು ಓದುವುದು ರೂಢಿಯಾದರೆ ಅರ್ಧ ರಿಪೇರಿ ಬಂದ ಹಾಗೆ.

ದೊಡ್ಡ ರಿಪೇರಿ ಇದ್ದು ಹತ್ತು ಸಲ ರಿಸ್ಟಾರ್ಟ್ ಮಾಡಬೇಕಾದರೆ ಪ್ರತಿ ಸಲ ಗ್ರಬ್ ತಿದ್ದುವುದು ಬೇಡ. ಸುಡೊ ಸಿಸ್ಟಮ್‌ಸಿಟಿಎಲ್ ಸೆಟ್ ಅಡ್ಡಗೆರೆ ಡಿಫಾಲ್ಟ್ ಕೊಟ್ಟು ಮಲ್ಟಿ ಯೂಸರ್ ಟಾರ್ಗೆಟನ್ನೇ ಖಾಯಂ ಮಾಡಿಕೊಳ್ಳಬಹುದು. ಮುಗಿದ ಮೇಲೆ ಅದೇ ಜಾಗದಲ್ಲಿ ಗ್ರಾಫಿಕಲ್ ಟಾರ್ಗೆಟ್ ಹಾಕಿ ವಾಪಸ್ ತಿರುಗಿಸಲೇಬೇಕು.

ಪುಸ್ತಕ ಅವತ್ತು ಸಂಜೆ ನಾಲ್ಕೂವರೆಗೆ ಅಚ್ಚಿಗೆ ಹೋಯಿತು. ನಿನ್ನೆ ರಾತ್ರಿ ಮತ್ತೆ ಅಪ್‌ಡೇಟ್ ಬಂತು, ಅದರಲ್ಲಿ ಮತ್ತೊಂದು ಕರ್ನೆಲ್. ಈ ಸಲ ಪಟ್ಟಿಯನ್ನು ಸಾಲು ಸಾಲಾಗಿ ಓದಿದೆ. ಕರ್ನೆಲ್ ಕೆಳಗೇ ಅದರ ಹೆಡರುಗಳೂ ಇದ್ದವು. ಆಫ್ ಮಾಡುವ ಮುಂಚೆ ಟರ್ಮಿನಲ್ ತೆರೆದು ಡಿಕೆಎಂಎಸ್ ಸ್ಟೇಟಸ್ ಕೇಳಿದೆ. ಹೊಸ ಹೆಸರಿನ ಮುಂದೆ ಇನ್‌ಸ್ಟಾಲ್ಡ್ ಅಂತ ಇತ್ತು. ಆಮೇಲೇ ಮಲಗಲು ಹೋದೆ.